ಎರಡನೇ ಸಲ ನೋಡದ ಮರ

ಮರಳೂರಿನ ಮನ್ಸೂರ್ ಅಲಿಯ ಮನೆಯಲ್ಲಿ ಒಂದೇ ಮೊಳೆಗೆ ಎರಡು ಕ್ಯಾಲೆಂಡರು ತೂಗುತ್ತಿದ್ದವು. ಮೇಲಿನದು ಉರ್ದುವಿನದು, ರೋಜಾ, ಈದು, ಮೊಹರಮ್ಮು ನೋಡುವುದಕ್ಕೆ. ಕೆಳಗಿನದು ಮಂಡಿಪೇಟೆಯ ದಿನಸಿ ಅಂಗಡಿಯವರು ಹಂಚುವ ಪಂಚಾಂಗದ ಕ್ಯಾಲೆಂಡರು, ಅದು ಹುಣಸೆಗೆ. ದೇವರ ಕೆಲಸಕ್ಕೆ ಒಂದು, ಹೊಟ್ಟೆಯ ಕೆಲಸಕ್ಕೆ ಇನ್ನೊಂದು.

"ನಮ್ ರಂಜಾನ್ ವರ್ಷಾವರ್ಷ ಹಿಂದಕ್ಕೆ ಜಾರ್ತಾ ಹೋಗ್ತದೆ. ಚಳೀಲೂ ಬರ್ತದೆ, ಮಳೇಲೂ ಬರ್ತದೆ. ಹುಣಸೆ ಜಾರಲ್ಲ ಕಣ್ರೀ. ಆಷಾಢ ಅಂದ್ರೆ ಆಷಾಢ," ಎಂದು ಅವನು ಸಿಕ್ಕವರಿಗೆಲ್ಲ ಹೇಳುವನು. ಎಷ್ಟು ಸಲ ಹೇಳಿದ್ದನೆಂದರೆ, ಅವನು ರಂಜಾನ್ ಎನ್ನುವಷ್ಟರಲ್ಲಿ ಹೆಂಡತಿ ಖಮರುನ್ನೀಸಾ ಒಳಗಿನಿಂದಲೇ "ಹುಣಸೆ ಜಾರಲ್ಲ" ಎಂದು ಮುಗಿಸಿಬಿಡುತ್ತಿದ್ದಳು.

ಅವನದು ಹುಣಸೆ ವ್ಯಾಪಾರ. ಅಂಗಡಿಯಲ್ಲಿ ಕುಳಿತು ತೂಗಿಕೊಡುವ ವ್ಯಾಪಾರವಲ್ಲ, ಮರದ ಮೇಲಿರುವಾಗಲೇ ಕೊಳ್ಳುವ ವ್ಯಾಪಾರ. ಆಷಾಢದಲ್ಲಿ ಹುಣಸೆ ಹೂ ಬಿಟ್ಟು ನಿಂತಾಗ ಮರದ ಕೆಳಗೆ ಹೋಗಿ, ಕತ್ತೆತ್ತಿ ಒಂದು ಸುತ್ತು ಬಂದು, ಶಿವರಾತ್ರಿಯ ಹೊತ್ತಿಗೆ ಈ ಮರ ಎಷ್ಟು ಹಣ್ಣು ಕೊಟ್ಟೀತು ಎಂದು ಅಂದಾಜು ಕಟ್ಟಬೇಕು. ಒಂದು ಹೂವು ಕಿತ್ತು ಬಾಯಿಗೆ ಹಾಕಿಕೊಳ್ಳಬೇಕು. ಹೂವಿನ ಬುಡ ಹುಳಿಯಾಗಿದ್ದರೆ ಅದು ಕಾಯಿ ಕಚ್ಚುತ್ತದೆ, ಸಪ್ಪೆಯಾಗಿದ್ದರೆ ಉದುರುತ್ತದೆ. ಆಮೇಲೆ ಮರದ ಯಜಮಾನನೂ ಇವನೂ ಒಂದು ಟವೆಲಿನಡಿ ಕೈ ಹಿಡಿದು, ಬೆರಳು ಅಮುಕಿ, ಪಕ್ಕದವರಿಗೆ ತಿಳಿಯದಂತೆ ಮಾತು ಮುಗಿಸಬೇಕು. ಬರಹವಿಲ್ಲ, ಸಾಕ್ಷಿಯಿಲ್ಲ.

ಇದಕ್ಕೊಂದು ಕಟ್ಟುಪಾಡಿತ್ತು. ಒಂದು ಮರವನ್ನು ವರ್ಷಕ್ಕೆ ಒಂದೇ ಸಲ ನೋಡಬೇಕು. ಕೊಂಡ ಮರವಾದರೆ ಹಣ್ಣು ಬಡಿಯುವ ದಿನದವರೆಗೆ ಅತ್ತ ಸುಳಿಯುವಂತಿಲ್ಲ. ಬೇಡವೆಂದು ಬಿಟ್ಟ ಮರವಾದರೆ ಆ ವರ್ಷ ಮತ್ತೆ ತಲೆಯೆತ್ತಿ ನೋಡುವಂತಿಲ್ಲ. ಎರಡನೇ ಸಲ ನೋಡಿದರೆ ಮರಕ್ಕೆ ದೃಷ್ಟಿ. ಅದಕ್ಕಿಂತ ಹೆಚ್ಚಾಗಿ, ತನ್ನ ಕಣ್ಣನ್ನೇ ನಂಬದ ವ್ಯಾಪಾರಿ ಎಂಬ ಕೆಟ್ಟ ಹೆಸರು. ಚಿಕ್ಕವನಿದ್ದಾಗ ಆಟದ ಭರದಲ್ಲಿ ಕೊಂಡ ಮರದ ಕೆಳಗೆ ಓಡಿಹೋಗಿದ್ದಕ್ಕೆ ಮನ್ಸೂರ್ ಅಲಿ ಅಪ್ಪನ ಕೈಲಿ ಕೆನ್ನೆಗೆ ತಿಂದಿದ್ದ. ನೀತಿಯೋ ಮೂಢನಂಬಿಕೆಯೋ, ಓದುವವರು ಏನಾದರೂ ಅಂದುಕೊಳ್ಳಲಿ. ಅವನ ಸಂಸಾರ ನಡೆದದ್ದು ಅದರ ಮೇಲೆ.

ಅವನು ನೋಡುತ್ತಿದ್ದ ಮರಗಳಲ್ಲಿ ಅವನಿಗೆ ತುಂಬ ಬೇಕಾದದ್ದು ಗುಬ್ಬಿಯಾಚೆ, ಚೇಳೂರು ರಸ್ತೆಯ ಮಗ್ಗುಲಿನ ದಾಕ್ಷಾಯಣಮ್ಮನ ಹೊಲದಲ್ಲಿತ್ತು. ಗಂಡ ತೀರಿಕೊಂಡ ಮೇಲೆ ದಾಕ್ಷಾಯಣಮ್ಮ ಗುಬ್ಬಿ ಪೇಟೆಯಲ್ಲೇ ಇದ್ದರು. ಹೊಲ ನೋಡಿಕೊಳ್ಳುತ್ತಿದ್ದದ್ದು ಅವರ ಮೈದುನ ಸದಾಶಿವಯ್ಯ. ಬದುವಿನಲ್ಲಿ ಎರಡು ಹುಣಸೆ ಮರ. ಒಂದು ದೊಡ್ಡದು, ನಾಲ್ಕಾಳು ಕೈ ಹಿಡಿದು ನಿಂತರೂ ಬೊಡ್ಡೆ ತಬ್ಬಲಾಗದು. ಅದರ ಬೀಜ ಬಿದ್ದು ಹುಟ್ಟಿದ ಚಿಕ್ಕದೊಂದು ಪಕ್ಕದಲ್ಲಿ. ದೊಡ್ಡ ಮರದ ಹಣ್ಣು ಬಡಿದ ದಿನ ಮೊದಲ ಮೂಟೆ ಮಠದ ಅಡುಗೆಮನೆಗೆ ಹೋಗಬೇಕು; ಅದು ದಾಕ್ಷಾಯಣಮ್ಮನ ಅತ್ತೆಯ ಕಾಲದ ಹರಕೆ. ಆ ಮೂಟೆಯನ್ನು ಅಷ್ಟೂ ವರ್ಷ ಮಠಕ್ಕೆ ಒಯ್ದು ಇಳಿಸಿದವರು ಮನ್ಸೂರ್ ಅಲಿ, ಅವನಿಗಿಂತ ಮೊದಲು ಅವನಪ್ಪ. ಅಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಿಯೇ ಹೊರಡುವುದು ಪದ್ಧತಿ. ಆ ಸಾರಿನ ಹುಳಿ ತನ್ನ ಮರದ್ದು ಎಂದು ಇವನಿಗೆ ಒಳಗೊಳಗೇ ಜಂಬ.

ತೊಂಬತ್ತರ ದಶಕದ ನಡುವಿನಲ್ಲಿ ಮೊದಲು ಕೆಟ್ಟದ್ದು ಹಣ್ಣು. ಬಡಿದ ಹಣ್ಣನ್ನು ಬಂಡೆಯ ಮೇಲೆ ಹರವಿ ಒಣಗಿಸುವ ಕಾಲಕ್ಕೆ, ಬಾರದ ಹೊತ್ತಿನಲ್ಲಿ ಮಳೆ ಹೊಡೆಯತೊಡಗಿತು. ಹೊಂಬಣ್ಣದ ಹಣ್ಣು ಕಪ್ಪಗಾಗಿ, ಮುದ್ದೆಯಾಗಿ, ಮಂಡಿಯವರು ಮೂಗು ಮುರಿಯುವ ಹಾಗಾಯಿತು. ಮನೆಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವ ಹೆಂಗಸರ ಜೊತೆ ಕೂತ ಖಮರುನ್ನೀಸಾ ಕೈಗೆ ಅಂಟಿದ ಕಪ್ಪನ್ನು ತೋರಿಸಿ, "ಇದನ್ನ ಯಾರ್ ತಿಂತಾರ್ರೀ?" ಎಂದಳು. ಒಂದು ವರ್ಷ ಹಾಗಾದರೆ ಗ್ರಹಚಾರ ಎನ್ನಬಹುದು. ಮತ್ತೆ ಮತ್ತೆ ಆದಾಗ ಗ್ರಹಚಾರ ಎನ್ನುವುದಕ್ಕೂ ಬೇಸರ ಬಂತು.

ಆಮೇಲೆ ಹೋದದ್ದು ನೆರಳು. ಶಿರಾ ಗೇಟ್ ದಾಟಿದರೆ ಹೆದ್ದಾರಿಯ ಎರಡೂ ಬದಿ ಹುಣಸೆ ಸಾಲು. ಮಧ್ಯಾಹ್ನದ ಬಿಸಿಲಲ್ಲೂ ಸೈಕಲ್ ತುಳಿದುಕೊಂಡು ಹೋಗಬಹುದಿತ್ತು. ರಸ್ತೆ ಅಗಲ ಮಾಡುವುದಕ್ಕೆ ಅವೆಲ್ಲ ಉರುಳಿದವು. ಆ ಸಾಲಿನ ಕೆಲವು ಮರಗಳ ಹಣ್ಣನ್ನು ಹರಾಜಿನಲ್ಲಿ ಹಿಡಿದು ಮನ್ಸೂರ್ ಅಲಿ ಬದುಕಿದ್ದ. ಆ ಬೊಡ್ಡೆಗಳನ್ನು ಲಾರಿಗೆ ಏರಿಸುವಾಗ ಅವನು ಗೇಟಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದ, ಎದ್ದು ಹೋಗಲೂ ಮನಸ್ಸಾಗಲಿಲ್ಲ.

ಹೊಸ ಶತಮಾನ ಬಂದದ್ದೇ ತಡ, ಹೂವೂ ಕೈಕೊಟ್ಟಿತು. ಮಳೆಯಿಲ್ಲದ ವರ್ಷಗಳು ಒಂದರ ಬೆನ್ನಿಗೆ ಒಂದು. ಮೂಡಿದ ಹೂವು ಕಾವಿಗೆ ಕರಕಲಾಗಿ ಉದುರಿತು. ಅವನ ಅಂದಾಜು ತಪ್ಪಿತು. ಟವೆಲಿನಡಿ ಕೊಟ್ಟ ಮಾತನ್ನು ಮುರಿಯಲಾಗದೆ ಬರಿಗೈಯಲ್ಲಿ ಬಂದ. ಒಂದಿಬ್ಬರು, "ಸಾಬ್ರಿಗೆ ಪೊರೆ ಬಂದದೆ, ಕಣ್ಣಾಸ್ಪತ್ರೆಗೆ ತೋರಿಸ್ಲಿ" ಎಂದು ನಗೆಯಾಡಿದರು. ಅವನು ನಿಜಕ್ಕೂ ಹೋಗಿ ತೋರಿಸಿದ. ಡಾಕ್ಟರು ಕಣ್ಣು ಸರಿಯಾಗಿದೆ ಎಂದರು. ಪೊರೆ ಇದೆ ಎಂದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಆ ದಿನಗಳಲ್ಲೇ ಇಟ್ಟಿಗೆ ಗೂಡಿನ ಅಂಜನಮೂರ್ತಿ ಅವನ ಬೆನ್ನು ಹತ್ತಿದ್ದು. ಊರು ಬೆಳೆಯುತ್ತಿತ್ತು, ಬಡಾವಣೆಗಳಿಗೆ ಇಟ್ಟಿಗೆ ಸಾಲದು, ಇಟ್ಟಿಗೆ ಸುಡಲು ಸೌದೆ ಸಾಲದು. ಸೌದೆಗಳಲ್ಲೆಲ್ಲ ಹುಣಸೆಯ ಕಾವೇ ಗಟ್ಟಿ. "ನೀವ್ ಕಾಣ್ದಿರೋ ಮರ ಯಾವ್ದು ಸಾಬ್ರೆ ಈ ಕಡೆ? ಗೊಡ್ಡಾಗಿರೋದ್ನ ತೋರಿಸ್ಕೊಡಿ, ಸಾಕು," ಎಂದ. ಮನ್ಸೂರ್ ಅಲಿ ತೋರಿಸಿಕೊಟ್ಟ. ಹಣ್ಣು ಹುಡುಕುತ್ತಿದ್ದ ಕಣ್ಣು ಸೌದೆ ಹುಡುಕಲು ಕಲಿಯಿತು. ಸಂಜೆಯ ಹೊತ್ತು ಮರಳೂರಿನ ಮಾಳಿಗೆಯ ಮೇಲೆ ನಿಂತರೆ ದೂರದಲ್ಲಿ ಗೂಡಿನ ಹೊಗೆ ಕಾಣುವುದು. ಭೂಮಿ ಬಿಸಿಯಾಗುತ್ತಿದೆ, ಹೊಗೆ ಹೆಚ್ಚಾಗಿದೆ, ಮರ ಕಡಿಮೆಯಾಗಿದೆ, ಋತುಗಳು ಹಳಿ ತಪ್ಪಿವೆ ಎಂದು ಟಿವಿಯಲ್ಲಿ ಯಾರೋ ಹೇಳಿದ ರಾತ್ರಿ ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದ. ಆ ಹೊಗೆಯಲ್ಲಿ ತಾನು ಬೆರಳು ಮಾಡಿ ತೋರಿಸಿದ ಮರಗಳೂ ಇದ್ದವು. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಮಾರನೇ ದಿನ ಮತ್ತೆ ಹೋದ. ಮನೆ ನಡೆಯಬೇಕಲ್ಲ.

2004ರ ಆಷಾಢದಲ್ಲಿ ದಾಕ್ಷಾಯಣಮ್ಮ ಹೇಳಿಕಳಿಸಿದರು. ಎರಡು ವರ್ಷದಿಂದ ದೊಡ್ಡ ಮರ ಕಾಯಿ ಕಂಡಿರಲಿಲ್ಲ. ಮಠಕ್ಕೆ ಮೂಟೆ ಹೋಗಿರಲಿಲ್ಲ. ಸದಾಶಿವಯ್ಯನ ತಲೆಯಲ್ಲಿ ಬೇರೆಯೇ ಯೋಚನೆ ಓಡುತ್ತಿತ್ತು. ಮರ ಗೂಡಿಗೆ ಹೋದರೆ ಬದುವೂ ಬಯಲಾಗುತ್ತದೆ, ನೀಲಗಿರಿ ಹಾಕಬಹುದು, ನೋಡಿಕೊಳ್ಳುವ ಕಾಟವೂ ಇಲ್ಲ. ಹೊಲದಲ್ಲಿ ಇವನನ್ನು ಕಂಡವನೇ, "ಏನ್ ಸಾಬ್ರೆ, ಈ ವರ್ಷಾನೂ ಟವೆಲ್ಲು ಹೆಗಲ ಮೇಲೇನಾ?" ಎಂದು ಕೆಣಕಿದ.

ಜೊತೆಗೇ ಬಂದಿದ್ದ ದಾಕ್ಷಾಯಣಮ್ಮ ಮೈದುನನಿಗೆ ಸುಮ್ಮನಿರುವಂತೆ ಸನ್ನೆ ಮಾಡಿದರು. "ನೋಡಿ ಮನ್ಸೂರಣ್ಣ. ನಿಮ್ ಅಪ್ಪಾರ ಕಾಲದಿಂದ ಈ ಮರ ಕಂಡಿರೋರು ನೀವು. ಇನ್ನೂ ಜೀವ ಐತೆ ಅಂದ್ರೆ ಇದನ್ನ ಮುಟ್ಟಕ್ಕೆ ಬುಡಲ್ಲ. ಮುಗೀತು ಅಂದ್ರೆ ಇವ್ನು ಹೇಳ್ದಂಗೇ ಆಗ್ಲಿ. ಇವ್ನ ಮಾತೂ ಬೇಡ, ಗೂಡಿನೋರ ಮಾತೂ ಬೇಡ ನಂಗೆ. ನಿಮ್ ಕಣ್ಣು ಏನ್ ಹೇಳ್ತದೆ?"

ಮನ್ಸೂರ್ ಅಲಿ ಸುತ್ತು ಬಂದ. ಮಂಡಿ ನೋಯುತ್ತಿತ್ತು. ಆಷಾಢದಲ್ಲಿ ಬೀಸಬೇಕಾದ ಗಾಳಿ ಇರಲಿಲ್ಲ, ಬಿಸಿಲು ಚೈತ್ರದ್ದು. ಎಲೆ ತೆಳ್ಳಗಾಗಿ ಆಕಾಶ ಕಾಣುತ್ತಿತ್ತು. ಕೆಳಗಿನ ರೆಂಬೆಯಲ್ಲಿ, ಮೇಲಿನ ನೆತ್ತಿಯಲ್ಲಿ, ಎಲ್ಲೂ ಒಂದೂ ಹೂವಿಲ್ಲ. ಬಾಯಿಗೆ ಹಾಕಿಕೊಳ್ಳಲು ಒಂದು ಮೊಗ್ಗೂ ಸಿಗಲಿಲ್ಲ. ಸ್ವಲ್ಪ ತಡೆಯಿರಿ ಎನ್ನಬಹುದಿತ್ತು. ಆದರೆ ಹುಣಸೆ ವ್ಯಾಪಾರದಲ್ಲಿ ತಡೆಯಿರಿ ಎಂಬ ಮಾತೇ ಇಲ್ಲ, ನೋಡಿದವನು ಹೇಳಲೇಬೇಕು.

"ಮುಗೀತು ತಾಯಿ," ಎಂದ. "ಮರಕ್ಕೆ ವಯಸ್ಸಾಯ್ತು."

ದಾಕ್ಷಾಯಣಮ್ಮ ಬೊಡ್ಡೆಯ ಮೇಲೆ ಕೈಯಿಟ್ಟರು. ದಸರಾ ಕಳೆಯಲಿ, ಹಬ್ಬದ ಮುಂದೆ ಕೊಡಲಿ ಹಾಕುವುದು ಬೇಡ ಎಂದಷ್ಟೇ ಹೇಳಿದರು. ಚಿಕ್ಕ ಮರದ ಸುದ್ದಿಯನ್ನು ಅಂದು ಯಾರೂ ಎತ್ತಲಿಲ್ಲ.

ಮನೆಗೆ ಬಂದು ಖಮರುನ್ನೀಸಾಗೆ ಹೇಳಿದ. ಅವಳು ಹುಲಿಯೂರುದುರ್ಗದವಳು. ಮನೆಯ ಮಾತು ಉರ್ದುವಾದರೂ ಗಂಡನಿಗೆ ಬುದ್ಧಿ ಹೇಳುವಾಗ ಕನ್ನಡಕ್ಕೆ ಹೊರಳುವಳು, ಬೀದಿಯವರಿಗೂ ಅರ್ಥವಾಗಲಿ ಎಂಬಂತೆ.

"ಹಿತ್ತಲ ನುಗ್ಗೆ ನೋಡಿದ್ರಾ? ಯಾವಾಗ್ ಹೂ ಬಿಡ್ಬೇಕಿತ್ತು, ಯಾವಾಗ್ ಬಿಟ್ಟದೆ? ನಮ್ಮೂರ್ ಕಡೆ ಮಾವಿಗೆ ಎರಡೆರಡು ದಪ ಹೂ ಬಂತಂತೆ. ಕಾಲಾನೇ ಜಾರ್ಕೊಂಡು ಕೂತದೆ. ಮಳೆ ಎತ್ಲಾಗ್ ಹೋಗ್ತದೋ ಮರಾನೂ ಅತ್ಲಾಗ್ ಹೋಗ್ತದೆ. ನೀವ್ ಮಾತ್ರ ಆ ಕ್ಯಾಲೆಂಡ್ರು ಹಿಡ್ಕೊಂಡು ಜೋತಾಡ್ತಿದೀರಿ. ಮಳೆ ಬಂದ್ಮೇಲೆ ಹೋಗಿ ಇನ್ನೊಂದು ಸಲ ನೋಡ್ಕೊಂಡ್ ಬನ್ನಿ."

"ಎರಡನೇ ಸಲ ನೋಡಲ್ಲ ಕಣೇ. ಮರಕ್ಕೆ ದೃಷ್ಟಿ."

"ನನ್ನನ್ನ ನೋಡಕ್ಕೆ ಎರಡು ಸಲ ಬಂದಿದ್ರಲ್ಲ, ನಂಗೇನ್ ದೃಷ್ಟಿ ಆಯ್ತಾ?"

ಅವನು ನಕ್ಕ. ಆ ವರ್ಷ ಅವನು ಮನಸಾರೆ ನಕ್ಕದ್ದು ಅದೊಂದೇ ಸಲವಿರಬೇಕು. ಆದರೆ ಹೋಗಲಿಲ್ಲ.

ಮಳೆ ಗೌರಿ ಗಣೇಶ ಕಳೆದ ಮೇಲೆ ಬಂತು. ಬಂದದ್ದೂ ಹದವಾಗಿ ಅಲ್ಲ; ಇಷ್ಟು ದಿನದ ಬಾಕಿಯನ್ನೆಲ್ಲ ನಾಲ್ಕಾರು ರಾತ್ರಿಯಲ್ಲಿ ಸುರಿಯಿತು. ಮರಳೂರಿನ ಮೋರಿ ಉಕ್ಕಿ ಮನೆಯೊಳಗೆ ನೀರು ಬಂತು. ಆ ವಾರವೇ ಬೇರೆ ಯಾವುದೋ ಕೆಲಸಕ್ಕೆ ಮನ್ಸೂರ್ ಅಲಿ ಚೇಳೂರಿಗೆ ಹೊರಟ. ಗುಬ್ಬಿ ದಾಟಿದ ಮೇಲೆ ಬಸ್ಸಿನಲ್ಲಿ ಅವನು ಮೈಲಿಗಲ್ಲು ಎಣಿಸತೊಡಗಿದ. ದಾಕ್ಷಾಯಣಮ್ಮನ ಹೊಲ ಬರುವುದು ಎಡಕ್ಕೆ. ಅವನು ಕೂತದ್ದೂ ಎಡಗಡೆಯ ಕಿಟಕಿಯ ಪಕ್ಕ. ಒಂದು ಸಲ ಕತ್ತು ಹೊರಳಿಸಿದರೆ ಸಾಕಿತ್ತು. ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, ಬಲಕ್ಕೆ ತಿರುಗಿ, ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಮುದುಕನನ್ನು ರಾಗಿ ಪೈರು ಹೇಗಿದೆ ಎಂದು ಕೇಳಿದ. ಮುದುಕ ಹೇಳುತ್ತ ಹೋದ. ಇವನ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಹೊಲ ಹಿಂದಕ್ಕೆ ಹೋಯಿತು.

ದಸರಾ ಮುಗಿಯಿತು. ಆ ವರ್ಷ ರಂಜಾನ್ ಅದೇ ಹೊತ್ತಿಗೆ ಜಾರಿಕೊಂಡು ಬಂದಿತ್ತು. ಲಾರಿ ಕಳಿಸುತ್ತಿದ್ದೇನೆ, ಮರ ನೋಡಿ ಹೇಳಿದವರು ನೀವೇ, ನಿಂತು ಏರಿಸಿಕೊಡಿ ಎಂದು ಅಂಜನಮೂರ್ತಿ ಹೇಳಿಕಳಿಸಿದ. ರೋಜಾ ಉಪವಾಸ ಹಿಡಿದ ಮೈ, ಬಾಯಿ ಒಣಗಿತ್ತು. ಕಡಿದ ಮೇಲೆ ಅದು ಸೌದೆ, ಸೌದೆ ನೋಡಬಾರದೆಂದು ಎಲ್ಲೂ ಇಲ್ಲವಲ್ಲ ಎಂದುಕೊಂಡು ಹೋದ.

ಇವನು ತಲುಪುವ ಹೊತ್ತಿಗೆ ಮರ ಮಲಗಿತ್ತು. ಬದುವಿನ ಉದ್ದಕ್ಕೂ ಚಾಚಿಕೊಂಡು, ನೆತ್ತಿ ರಾಗಿ ಹೊಲದೊಳಕ್ಕೆ ಬಿದ್ದಿತ್ತು. ನಿಂತಾಗ ಮುಗಿಲಿಗೆ ಹತ್ತಿರವಿದ್ದ ಕೊಂಬೆಗಳು ಈಗ ಅವನ ಮೊಣಕಾಲಿನ ಮಟ್ಟಕ್ಕೆ ಬಂದಿದ್ದವು. ಯಾರದೋ ಮೇಕೆಗಳು ಅದರಲ್ಲಿ ಮುಳುಗಿ ಮೇಯುತ್ತಿದ್ದವು. ಮೇಕೆಯ ಬಾಯಿಂದ ಏನೋ ಹಳದಿ ಉದುರುವುದು ಕಂಡಿತು. ಮನ್ಸೂರ್ ಅಲಿ ಹತ್ತಿರ ಹೋಗಿ ಕೊಂಬೆ ಎತ್ತಿದ.

ಹೂವು. ನಸುಹಳದಿ ಎಸಳು, ಅದರಲ್ಲಿ ಕೆಂಪು ಗೆರೆ. ಒಂದೆರಡಲ್ಲ, ನೆತ್ತಿಯ ತುಂಬ ಗೊಂಚಲು ಗೊಂಚಲು, ನಡುವೆ ಉಗುರಿನಷ್ಟು ಎಳೆಗಾಯಿ. ಮಳೆ ಬಂದ ಮೇಲೆ ಮರ ತನ್ನ ಪಾಡಿಗೆ ತಾನು ಹೂವಾಗಿತ್ತು. ಕೆಳಗೆ ನಿಂತವರಿಗೆ ಕಾಣದಷ್ಟು ಮೇಲೆ. ಮನ್ಸೂರ್ ಅಲಿ ನೋಡಿ ಹೇಳಿದ ಮರವನ್ನು ಮತ್ತೆ ಕತ್ತೆತ್ತಿ ನೋಡುವ ಕೆಲಸ ಯಾರಿಗೂ ಇರಲಿಲ್ಲ. ಕಡಿಯುವವರಿಗೆ ಬುಡದ ಮೇಲಷ್ಟೇ ಕಣ್ಣು.

ಅವನಿಗೆ ಕೂರಬೇಕೆನಿಸಿತು. ಕೂರಲು ಇದ್ದದ್ದು ಆ ಬೊಡ್ಡೆ ಮಾತ್ರ. ಕೂರಲಿಲ್ಲ.

ದಾಕ್ಷಾಯಣಮ್ಮ ಸೆರಗು ಹೊದ್ದು ಬದುವಿನ ಮೇಲೆ ಬಂದರು. "ಏನದು ಮನ್ಸೂರಣ್ಣ? ಹೂವಾ?"

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು. ಒಣ ಹೂವು ತಾಯಿ, ಉದುರೋ ಹೂವು, ಕಾಯಿ ಕಚ್ಚಲ್ಲ ಎಂದಿದ್ದರೆ ಆಕೆ ನಂಬುತ್ತಿದ್ದರು. ಅಷ್ಟೂ ವರ್ಷ ನಂಬಿದ್ದರಲ್ಲ. ರೋಜಾ ಇರುವಾಗ ಅವನು ಬಾಯಿಗೆ ಹಾಕಿ ನೋಡುವಂತೆಯೂ ಇರಲಿಲ್ಲ. ಗೊಂಚಲಿನಿಂದ ಒಂದು ಹೂವು ಬಿಡಿಸಿ ಆಕೆಯ ಕೈಗೆ ಕೊಟ್ಟ.

"ಬಾಯಿಗ್ ಹಾಕ್ಕೊಂಡು ನೋಡಿ ತಾಯಿ. ನಂಗೆ ರೋಜಾ."

ದಾಕ್ಷಾಯಣಮ್ಮ ಹೂವನ್ನು ಮೆಲ್ಲಗೆ ಅಗಿದರು. ಒಂದು ಕಣ್ಣು ಕಿರಿದಾಯಿತು.

"ಹುಳಿ ಐತೆ," ಎಂದರು.

"ಹೂಂ. ಕಾಯಾಗೋ ಹೂವು." ಅವನು ಕೊಂಬೆಯನ್ನು ಮೆಲ್ಲಗೆ ಕೆಳಗಿಟ್ಟ. "ತಪ್ಪು ನಂದು. ಮರದ್ದೇನಿಲ್ಲ."

ಆಕೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮಲಗಿದ ಮರದ ಒಂದು ರೆಂಬೆಯನ್ನು ದಾರಿಯಿಂದ ಪಕ್ಕಕ್ಕೆ ಸರಿಸಿ, "ಮಠದೋರು ಈ ಸಲ ಏನಾರ ಬರ್ತದಾ ಅಂತ ಕೇಳಿದ್ರು," ಎಂದರು, ಅಷ್ಟೇ.

ಸದಾಶಿವಯ್ಯನಿಗೆ ಇದೆಲ್ಲ ಹೊತ್ತು ಹಾಳು. ಲಾರಿ ನಿಂತಿದೆ, ಆಳು ನಿಂತಿದ್ದಾರೆ, ಬಿಸಿಲು ಏರುತ್ತಿದೆ. "ಆಗಿದ್ದು ಆಗೋಯ್ತು ಬುಡಿ ಅತ್ತಿಗೆ. ಲಾರಿ ಹೆಂಗೂ ಬಂದದೆ, ಆ ಚಿಕ್ ಮರಾನೂ ಹಾಕ್ಬುಡಣ. ಅದ್ರಲ್ಲಂತೂ ಏನೂ ಇಲ್ಲ, ನೋಡ್ರಿ ಬೇಕಾರೆ. ಏನ್ ಸಾಬ್ರೆ, ನೀವೇ ಹೇಳಿ." ಕೊಡಲಿಯವನು ಆಗಲೇ ಚಿಕ್ಕ ಮರದ ಬುಡಕ್ಕೆ ಹೋಗಿ, ಅಂಗೈಗೆ ಉಗುಳಿಕೊಂಡು ನಿಂತಿದ್ದ.

ದಾಕ್ಷಾಯಣಮ್ಮ ಮನ್ಸೂರ್ ಅಲಿಯ ಕಡೆ ತಿರುಗಿದರು. "ನೋಡಿ ಹೇಳಿ ಮನ್ಸೂರಣ್ಣ. ನೀವ್ ಹೇಳ್ದಂಗೆ ಮಾಡ್ತೀನಿ."

ಈಗಲೂ! ಪಕ್ಕದಲ್ಲಿ ಅವನ ಮಾತಿಗೆ ಬಿದ್ದ ಮರ ಹೂವು ಹೊತ್ತು ಮಲಗಿರುವಾಗಲೂ ಆಕೆ ಅವನ ಕಣ್ಣನ್ನೇ ಕೇಳುತ್ತಿದ್ದರು. ಅವನು ಚಿಕ್ಕ ಮರದ ಕೆಳಗೆ ಹೋಗಿ ಕತ್ತೆತ್ತಿದ. ಸುತ್ತು ಬಂದ. ಮೂರು ಕಡೆ ರೆಂಬೆ ಜಗ್ಗಿ ನೋಡಿದ. ಸದಾಶಿವಯ್ಯ ಹೇಳಿದ್ದು ಸರಿಯಾಗಿತ್ತು. ಒಂದೂ ಹೂವಿರಲಿಲ್ಲ, ಒಂದು ಮೊಗ್ಗೂ ಇರಲಿಲ್ಲ. ಅಪ್ಪ ಕಲಿಸಿದ ಲೆಕ್ಕದಲ್ಲಿ ಇದಕ್ಕೆ ಇರುವುದು ಒಂದೇ ಉತ್ತರ.

ಕೊಡಲಿಯವನು ಕಾಯುತ್ತಿದ್ದ. ಲಾರಿಯವನು ಹಾರನ್ ಬಾರಿಸಿದ.

"ಈಗ ಹೇಳಕ್ಕಾಗಲ್ಲ ತಾಯಿ," ಎಂದ ಮನ್ಸೂರ್ ಅಲಿ. "ಇನ್ನೊಂದ್ ಸಲ ಬಂದು ನೋಡ್ಬೇಕು."

ಸದಾಶಿವಯ್ಯ ಬಾಯಿ ಬಿಟ್ಟುಕೊಂಡು ನಿಂತ. "ಎರಡನೇ ಸಲಾನಾ? ನೀವಾ?"

"ಎರಡಲ್ಲ. ಕಾರ್ತೀಕದಲ್ಲಿ ಬರ್ತೀನಿ, ಮಾಘದಲ್ಲಿ ಬರ್ತೀನಿ. ಅದು ಯಾವಾಗ್ ಬಿಡ್ತದೋ ನಂಗ್ ಗೊತ್ತಿಲ್ಲ ಸ್ವಾಮಿ. ಅಲ್ಲೀಗಂಟ ಬುಡಕ್ಕೆ ಕೊಡಲಿ ಹಾಕ್ಬೇಡಿ."

ದಾಕ್ಷಾಯಣಮ್ಮ ಕೊಡಲಿಯವನಿಗೆ ಈಚೆ ಬಾ ಎಂದು ಕೈ ಮಾಡಿದರು. ಮನ್ಸೂರ್ ಅಲಿ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ದೊಡ್ಡ ಮರವನ್ನು ಲಾರಿಗೆ ಏರಿಸಲು ನಿಂತ.